ಡಿವಿಡಿಯಲ್ಲಿರುವ ಧ್ವನಿಯನ್ನು ಮೊಬೈಲಿಗೆ ತರುವುದು ಹೇಗೆ?



ನಮ್ಮ ಕೋಡಿಬಾಗದ ಅನೇಕ ಮನೆಗಳ ಕಪಾಟಿನಲ್ಲಿ ಹಳೆಯ ಡಿವಿಡಿಗಳಿವೆ. ಒಂದರಲ್ಲಿ ಇಜ್ತಿಮಾದ ಬಯಾನ್, ಇನ್ನೊಂದರಲ್ಲಿ ಮನೆಯ ನಿಕಾಹ್, ಮತ್ತೊಂದರಲ್ಲಿ ಇಂದು ನಮ್ಮೊಂದಿಗಿಲ್ಲದ ಹಿರಿಯರ ದುಆ. ಪ್ಲೇಯರ್ ಕೆಟ್ಟು ಮೂಲೆ ಸೇರಿದೆ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಹಾಕುವ ಜಾಗವೇ ಇಲ್ಲ. ಇವುಗಳಿಂದ ಧ್ವನಿಯನ್ನಷ್ಟೇ ತೆಗೆದು ಮೊಬೈಲಿನಲ್ಲಿ ಕೇಳಬಹುದೇ ಎಂದು ಜುಮಾದ ನಂತರ ಹಲವರು ಕೇಳುತ್ತಾರೆ. ಕೇಳಬಹುದು. ತಡ ಮಾಡದಿರುವುದು ಒಳ್ಳೆಯದು.

ಏಕೆಂದರೆ ಅಂಗಡಿಯ ಡಿವಿಡಿಯನ್ನು ಕಾರ್ಖಾನೆಯಲ್ಲಿ ಅಚ್ಚೊತ್ತಿರುತ್ತಾರೆ. ಸ್ಟುಡಿಯೋದವರು ಬರೆದುಕೊಟ್ಟ ಡಿಸ್ಕ್ ಹಾಗಲ್ಲ. ಅದರೊಳಗಿನ ತೆಳುವಾದ ಬಣ್ಣದ ಪದರದ ಮೇಲೆ ಲೇಸರ್ ಗುರುತು ಮಾಡಿರುತ್ತದೆ. ಬಿಸಿಲು, ಸೆಕೆ, ತೇವಾಂಶಕ್ಕೆ ಆ ಪದರ ಹಾಳಾಗುತ್ತದೆ. ಕಡಲ ದಂಡೆಯ ನಮ್ಮ ಹವೆಯಲ್ಲಿ ಈ ಮೂರೂ ಧಾರಾಳ.

ಮಾಡುವ ಕ್ರಮ ಹೀಗಿದೆ. ಕಂಪ್ಯೂಟರಿನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿ ಡಿವಿಡಿ ಡ್ರೈವ್ ಜೋಡಿಸಬೇಕು. ಡಿಸ್ಕನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ಡಿಸ್ಕ್ ತೆರೆದಾಗ ‘ವಿಡಿಯೋ ಟಿಎಸ್’ ಎಂಬ ಫೋಲ್ಡರ್ ಕಾಣುತ್ತದೆ. ಮೊದಲು ಅದನ್ನು ಪೂರ್ತಿಯಾಗಿ ಕಂಪ್ಯೂಟರಿಗೆ ನಕಲಿಸಿ. ಅದರೊಳಗಿನ ‘ವಿಒಬಿ’ ಕಡತಗಳಲ್ಲಿ ಚಿತ್ರ ಮತ್ತು ಧ್ವನಿ ಒಟ್ಟಿಗಿರುತ್ತವೆ. ಒಂದು ಕಡತ ಹೆಚ್ಚೆಂದರೆ 1 ಜಿಬಿ ಇರುವುದರಿಂದ ಉದ್ದದ ಬಯಾನ್ ನಾಲ್ಕೈದು ತುಂಡುಗಳಾಗಿರಬಹುದು. ಹೆಸರಿನ ಕೊನೆಯ ಅಂಕಿಯಂತೆ 1, 2, 3 ಎಂದು ಕ್ರಮವಾಗಿ ತೆಗೆದುಕೊಳ್ಳಿ. ಕೊನೆಯಲ್ಲಿ 0 ಇರುವುದು ಮೆನುವಿನದು.

ಬಳಿಕ ಉಚಿತವಾಗಿ ಸಿಗುವ ವಿಎಲ್‌ಸಿ ಪ್ಲೇಯರ್ ತೆರೆಯಿರಿ. ‘ಮೀಡಿಯಾ’ ಪಟ್ಟಿಯಲ್ಲಿ ‘ಕನ್ವರ್ಟ್/ಸೇವ್’ ಒತ್ತಿ, ಒಂದು ಕಡತ ಸೇರಿಸಿ, ‘ಆಡಿಯೋ ಎಂಪಿ3’ ಆರಿಸಿ, ಹೊಸ ಕಡತಕ್ಕೆ ಹೆಸರು ಕೊಟ್ಟು ಆರಂಭಿಸಿ. ಮಾತಿನ ಧ್ವನಿಗೆ 64 ಕೆಬಿಪಿಎಸ್ ಸಾಕು. ಆ ಲೆಕ್ಕದಲ್ಲಿ ಒಂದು ಗಂಟೆಯ ಬಯಾನ್ ಸುಮಾರು 29 ಎಂಬಿ ಮಾತ್ರ. ಹಲವು ಜಿಬಿಯ ಡಿಸ್ಕಿನಲ್ಲಿದ್ದ ಧ್ವನಿ ಸಾಧಾರಣ ಫೋನಿನಲ್ಲೂ ಹಿಡಿಸುತ್ತದೆ. ಕಾಳಿ ಸೇತುವೆ ದಾಟಿ ಗೋವಾಕ್ಕೆ ದುಡಿಯಲು ಹೋಗುವವರು ಬಸ್ಸಿನಲ್ಲಿ ಕೇಳಬಹುದು. ಬೈತಖೋಲದಿಂದ ಮೀನಿಗೆ ಹೋಗುವವರು ಸಿಗ್ನಲ್ ಸಿಗದ ಕಡಲಿನಲ್ಲೂ ಕೇಳಬಹುದು.

ಇಲ್ಲಿ ಅಮಾನತಿನ ವಿಷಯ ಬರುತ್ತದೆ. ಮನೆಯ ನಿಕಾಹ್ ಡಿವಿಡಿಯಲ್ಲಿ ಹೆಣ್ಣುಮಕ್ಕಳ ಮಾತು, ನಗು, ಬಂಧುಗಳ ಖಾಸಗಿ ಸಂಗತಿ ಇರುತ್ತವೆ. ಚಿತ್ರವಿಲ್ಲ, ಧ್ವನಿ ತಾನೇ ಎಂದು ವಾಟ್ಸಾಪ್ ಗುಂಪಿಗೆ ಹಾಕುವುದು ಸರಿಯಲ್ಲ. ಸಂಬಂಧಪಟ್ಟವರ ಒಪ್ಪಿಗೆ ಬೇಕು. ಮಾರಾಟದ ಡಿವಿಡಿಯ ಮಾತು ಬೇರೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಸ್ವಂತ ಬಳಕೆಗೆ ನ್ಯಾಯಯುತ ಮಿತಿಯಲ್ಲಿ ಅವಕಾಶ ಕೊಡುತ್ತದೆ. ಆದರೆ ಹಕ್ಕು ಕಸಿಯುವ ಉದ್ದೇಶದಿಂದ ಡಿಸ್ಕಿನ ಬೀಗ ಮುರಿಯುವುದು 2012ರ ತಿದ್ದುಪಡಿಯಂತೆ ಅಪರಾಧ. ನಕಲು ಮಾಡಿ ಹಂಚುವುದು, ಮಾರುವುದು ಪರರ ದುಡಿಮೆಯನ್ನು ಕಸಿದಂತೆ. ದೀನಿನ ಬಯಾನ್ ಎಂಬ ಕಾರಣಕ್ಕೆ ಅದು ಹಲಾಲ್ ಆಗುವುದಿಲ್ಲ.

ಕೇಳುವುದಕ್ಕೂ ಅದಬ್ ಇದೆ. ಕುರ್‌ಆನ್ ಪಾರಾಯಣ ಹಾಕಿಟ್ಟು ಹರಟೆ ಹೊಡೆಯಬಾರದು. ಗಮನ ಕೊಡಲಾಗದಿದ್ದರೆ ನಿಲ್ಲಿಸಿ. ಬೈಕ್ ಓಡಿಸುವಾಗ ಕಿವಿಗೆ ಇಯರ್‌ಫೋನ್ ಬೇಡ.

ಎಂಪಿ3 ಸಿದ್ಧವಾದ ಮೇಲೆ ಆರಂಭ, ನಡು, ಕೊನೆ ಮೂರೂ ಕಡೆ ಕೇಳಿ ನೋಡಿ. ಕಡತಕ್ಕೆ ಮಾತಾಡಿದವರ ಹೆಸರು, ಊರು, ವರ್ಷ ಬರೆಯಿರಿ. ಮೊಮ್ಮಕ್ಕಳಿಗೆ ಅದು ಯಾರ ಧ್ವನಿ ಎಂದು ತಿಳಿಯಬೇಕಲ್ಲ. ಒಂದು ಪ್ರತಿ ಫೋನಿನಲ್ಲಿ, ಇನ್ನೊಂದು ಪೆನ್‌ಡ್ರೈವಿನಲ್ಲಿ ಇರಲಿ. ಡಿಸ್ಕನ್ನು ಎಸೆಯಬೇಡಿ.

ಈ ಕೆಲಸ ತಿಳಿದ ಯುವಕರು ನೆರೆಮನೆಯ ಹಿರಿಯರಿಗೂ ಮಾಡಿಕೊಡಲಿ. ಗತಿಸಿದ ತಂದೆಯ ಧ್ವನಿಯನ್ನು ಮತ್ತೆ ಕೇಳಿಸಿದರೆ ಒಬ್ಬ ತಾಯಿಯ ಬಾಯಿಂದ ಬರುವ ದುಆ ಸಣ್ಣದಲ್ಲ. ಅಲ್ಲಾಹನು ನಮ್ಮೆಲ್ಲರಿಗೂ ಅಮಾನತನ್ನು ಕಾಪಾಡುವ ತೌಫೀಕ್ ನೀಡಲಿ. ಆಮೀನ್.