ಲಾಸಲಗಾಂವ್ ಕಡತ ತೆರೆದರೆ: ವಾರಾಂತ್ಯದ ದತ್ತಾಂಶ ಸ್ಪರ್ಧೆಗೊಂದು ಪರಿಚಯ

ನಾಸಿಕ್ ಜಿಲ್ಲೆಯ ನಿಫಾಡ್ ತಾಲೂಕಿನ ಹೆಸರು ಕರ್ನಾಟಕದಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಕ್ಕಿಲ್ಲ. ಅದೇ ತಾಲೂಕಿನ ಲಾಸಲಗಾಂವ್ ಮಾತ್ರ ಈರುಳ್ಳಿ ದರದ ಸುದ್ದಿ ಓದುವವರಿಗೆಲ್ಲ ಪರಿಚಿತ. ದೇಶದ ಅತಿ ದೊಡ್ಡ ಈರುಳ್ಳಿ ಸಗಟು ಮಾರುಕಟ್ಟೆ ಎಂದು ಹೆಸರಾದ ಊರು ಅದು. ಇನ್ನೊಂದು ದೊಡ್ಡ ಮಾರುಕಟ್ಟೆಯಾದ ಪಿಂಪಳಗಾಂವ್ ಬಸವಂತವೂ ಇದೇ ತಾಲೂಕಿನಲ್ಲಿದೆ. ಹರಾಜು ಮುಗಿದ ಮೇಲೆ ಆ ದಿನದ ಆವಕ ಎಷ್ಟು ಕ್ವಿಂಟಲ್, ಕನಿಷ್ಠ ದರ ಎಷ್ಟು, ಗರಿಷ್ಠ ಎಷ್ಟು, ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು ಎಂಬ ಲೆಕ್ಕ ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣಕ್ಕೆ ಸೇರುತ್ತದೆ. ಹೀಗೆ ವರ್ಷಗಟ್ಟಲೆಯ ಲೆಕ್ಕ ಅಲ್ಲಿದೆ. ಯಾರು ಬೇಕಾದರೂ ದುಡ್ಡು ಕೊಡದೆ ಇಳಿಸಿಕೊಳ್ಳಬಹುದು.

ಪದವಿ ಓದುತ್ತಿರುವ ನಾಲ್ಕೈದು ಜನರ ಮುಂದೆ ಶುಕ್ರವಾರ ಸಂಜೆ ಇಂಥದೊಂದು ಕಡತ ಇಟ್ಟು, ‘ಇದರಿಂದ ನಿಮಗೇನು ತಿಳಿಯಿತು, ಭಾನುವಾರ ಹೇಳಿ’ ಎಂದರೆ ಹೇಗಿರುತ್ತದೆ? ಈ ಬಗೆಯ ಸ್ಪರ್ಧೆ ಜಗತ್ತಿನಲ್ಲಿ ಆಗಲೇ ಬೇರೂರಿದೆ. ಅದರ ಹೆಸರು ಡೇಟಾಫೆಸ್ಟ್.

ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಅಧ್ಯಾಪಕ ರಾಬರ್ಟ್ ಗೌಲ್ಡ್ 2011ರಲ್ಲಿ ಇದನ್ನು ಶುರು ಮಾಡಿದರು. ಮೊದಲ ವರ್ಷ ಸೇರಿದವರು ಮೂವತ್ತು ವಿದ್ಯಾರ್ಥಿಗಳು. ಅವರ ಕೈಗೆ ಬಂದದ್ದು ಆ ನಗರದ ಪೊಲೀಸ್ ಇಲಾಖೆಯ ಅಪರಾಧ ದಾಖಲೆ. ಆಮೇಲೆ ಅಮೆರಿಕದ ಸಂಖ್ಯಾಶಾಸ್ತ್ರ ಸಂಘ ಸ್ಪರ್ಧೆಯನ್ನು ತನ್ನದಾಗಿಸಿಕೊಂಡಿತು. ಈಗ ಪ್ರತಿ ವರ್ಷ ಹತ್ತಾರು ಕಾಲೇಜುಗಳಲ್ಲಿ ನಡೆಯುತ್ತದೆ. ದತ್ತಾಂಶ ಎಲ್ಲರಿಗೂ ಒಂದೇ, ಆದರೆ ಯಾವುದೆಂದು ಮೊದಲೇ ಯಾರಿಗೂ ಹೇಳುವುದಿಲ್ಲ. ಬೇರೆ ಬೇರೆ ಕಾಲೇಜುಗಳು ಬೇರೆ ಬೇರೆ ವಾರ ನಡೆಸುವುದರಿಂದ, ಮುಗಿಸಿದವರು ಬಾಯಿ ಬಿಡುವಂತಿಲ್ಲ. 2012ರಲ್ಲಿ ಬಂದದ್ದು ಬಡವರಿಗೆ ಸಣ್ಣ ಸಾಲ ಒದಗಿಸುವ ಕಿವಾ ಸಂಸ್ಥೆಯ ಲೆಕ್ಕ, 2017ರಲ್ಲಿ ಎಕ್ಸ್‌ಪೀಡಿಯಾದ ಹೋಟೆಲ್ ಹುಡುಕಾಟಗಳು, 2019ರಲ್ಲಿ ಕೆನಡಾದ ಮಹಿಳಾ ರಗ್ಬಿ ತಂಡದ ಆಟಗಾರ್ತಿಯರ ದಣಿವು, ನಿದ್ದೆ, ಆಟದ ದಾಖಲೆ.

ಕ್ಯಾಗಲ್‌ನಂಥ ಅಂತರ್ಜಾಲ ಸ್ಪರ್ಧೆಗಳಿಗೂ ಇದಕ್ಕೂ ಒಂದು ಮುಖ್ಯ ವ್ಯತ್ಯಾಸವಿದೆ. ಅಲ್ಲಿ ಪ್ರಶ್ನೆಯನ್ನು ಅವರೇ ಕೊಡುತ್ತಾರೆ, ಯಾರ ಅಂದಾಜು ನಿಜಕ್ಕೆ ಹತ್ತಿರವೋ ಅವರು ಗೆದ್ದಂತೆ. ಇಲ್ಲಿ ದತ್ತಾಂಶದ ಒಡೆಯರು ಬಂದು ತಮಗೇನು ತಿಳಿಯಬೇಕಿದೆ ಎಂದು ಸ್ಥೂಲವಾಗಿ ಹೇಳಿ ಹೋಗುತ್ತಾರೆ. ಪ್ರಶ್ನೆಗೆ ರೂಪ ಕೊಡುವ ಕೆಲಸ ತಂಡದ್ದು. ಅಧ್ಯಾಪಕರು, ಹಿರಿಯ ವಿದ್ಯಾರ್ಥಿಗಳು, ಉದ್ಯೋಗದಲ್ಲಿರುವ ಸಂಖ್ಯಾಶಾಸ್ತ್ರಜ್ಞರು ಮೇಜಿನಿಂದ ಮೇಜಿಗೆ ಓಡಾಡುತ್ತ ಸಲಹೆ ಕೊಡುತ್ತಾರೆ. ಕೊನೆಗೆ ತೀರ್ಪುಗಾರರ ಮುಂದೆ ಕೆಲವೇ ನಿಮಿಷದ ಮಾತು, ಒಂದೆರಡು ಸ್ಲೈಡ್. ಒಳ್ಳೆಯ ಒಳನೋಟಕ್ಕೆ, ಒಳ್ಳೆಯ ಚಿತ್ರಣಕ್ಕೆ, ಹೊರಗಿನ ದತ್ತಾಂಶವನ್ನು ಚೆನ್ನಾಗಿ ಬಳಸಿಕೊಂಡದ್ದಕ್ಕೆ ಬಹುಮಾನ.

ಮೂರನೆಯ ಬಹುಮಾನ ನನಗೆ ತುಂಬ ಮುಖ್ಯವೆನ್ನಿಸುತ್ತದೆ. ಯಾಕೆಂದು ಲಾಸಲಗಾಂವ್ ಕಡತವನ್ನೇ ಮುಂದಿಟ್ಟುಕೊಂಡು ನೋಡೋಣ.

ಕಡತ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ತಪ್ಪಿಹೋದ ತಾರೀಕುಗಳು. ದೀಪಾವಳಿಯ ಹೊತ್ತಿಗೆ ಒಟ್ಟಿಗೆ ಹಲವು ದಿನ ಖಾಲಿ. ಹಳೆಯ ವರ್ಷಗಳಲ್ಲಿ ತಿಂಗಳಿಗೊಮ್ಮೆ ಒಂದು ದಿನ ಹೆಚ್ಚು ಖಾಲಿ. ಪಂಚಾಂಗ ಪಕ್ಕದಲ್ಲಿಟ್ಟರೆ ಕಾರಣ ತಿಳಿಯುತ್ತದೆ, ಅದು ಅಮಾವಾಸ್ಯೆ. ಆ ದಿನ ಈರುಳ್ಳಿ ಹರಾಜು ನಡೆಸದ ಪದ್ಧತಿ ಲಾಸಲಗಾಂವ್‌ನಲ್ಲಿ ದಶಕಗಳ ಕಾಲ ಇತ್ತು. ಕಂಪ್ಯೂಟರಿಗೆ ಇದು ತಿಳಿಯದು. ಖಾಲಿ ಜಾಗ ತುಂಬು ಎಂದರೆ ಹಿಂದುಮುಂದಿನ ದಿನಗಳ ಸರಾಸರಿ ತೆಗೆದು ತುಂಬಿಬಿಡುತ್ತದೆ. ಹರಾಜೇ ಆಗದ ದಿನಕ್ಕೆ ದರವೊಂದು ಹುಟ್ಟಿಕೊಂಡಂತಾಯಿತು. ಪಂಚಾಂಗವೂ ಒಂದು ಹೊರಗಿನ ದತ್ತಾಂಶ ಎಂಬುದು ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ಮನಸ್ಸಿಗೆ ಹತ್ತುವುದಿಲ್ಲ. ಹೀಗೊಂದು ರಾತ್ರಿ ತಲೆ ಕೆಡಿಸಿಕೊಂಡರೆ ಹತ್ತುತ್ತದೆ.

ಮುಂದಿನ ತೊಡಕು ಮಾಲಿನದು. ಮಾರ್ಚ್–ಏಪ್ರಿಲ್‌ನಲ್ಲಿ ಕೀಳುವ ಬೇಸಿಗೆ ಈರುಳ್ಳಿಯನ್ನು ಅಲ್ಲಿಯ ರೈತರು ಗಾಳಿಯಾಡುವ ಚಾಳಗಳಲ್ಲಿ ತುಂಬಿಟ್ಟು ಅಕ್ಟೋಬರ್, ನವೆಂಬರ್‌ವರೆಗೂ ಸ್ವಲ್ಪ ಸ್ವಲ್ಪವಾಗಿ ಮಾರುತ್ತಾರೆ. ಮುಂಗಾರಿನ ಕೆಂಪು ಈರುಳ್ಳಿ ಹಾಗೆ ಇಡುವ ಮಾಲಲ್ಲ, ಕಿತ್ತ ಕೆಲವೇ ವಾರಗಳಲ್ಲಿ ಮಾರಬೇಕು. ವರ್ಷದ ಕೊನೆಗೆ ಎರಡೂ ಒಂದೇ ಅಂಗಳದಲ್ಲಿ ಹರಾಜಿಗೆ ನಿಲ್ಲುತ್ತವೆ. ಎರಡನ್ನೂ ಸೇರಿಸಿ ‘ಈರುಳ್ಳಿ ದರ’ ಎಂದು ಒಂದು ಗೆರೆ ಎಳೆದರೆ, ಹಳೆ ಅಕ್ಕಿ ಹೊಸ ಅಕ್ಕಿ ಬೆರೆಸಿ ಅನ್ನಕ್ಕೆ ಇಟ್ಟ ಹಾಗೆ. ತಳಿಯ ಕಾಲಮ್ಮನ್ನು ಬೇರ್ಪಡಿಸಿ ನೋಡುವ ತಂಡ ಅಷ್ಟರಮಟ್ಟಿಗೆ ಮುಂದೆ ಇರುತ್ತದೆ.

ಇನ್ನು 2023. ಆಗಸ್ಟ್ 19ರಂದು ಈರುಳ್ಳಿ ರಫ್ತಿಗೆ ಶೇ 40ರಷ್ಟು ಸುಂಕ ಬಿತ್ತು. ಅದನ್ನು ತೆಗೆಯಿರಿ ಎಂಬುದೂ ಸೇರಿ ಹಲವು ಬೇಡಿಕೆ ಮುಂದಿಟ್ಟು ನಾಸಿಕ್ ಜಿಲ್ಲೆಯ ವರ್ತಕರು ಸೆಪ್ಟೆಂಬರ್‌ನಲ್ಲಿ ಸುಮಾರು ಎರಡು ವಾರ ಹರಾಜಿನಿಂದ ದೂರ ಉಳಿದರು. ಡಿಸೆಂಬರ್ 8ರಿಂದ ರಫ್ತೇ ನಿಷೇಧವಾಯಿತು. ನಿಷೇಧ ತೆರವಾದದ್ದು 2024ರ ಮೇ 4ರಂದು. ದರದ ಗೆರೆಯಲ್ಲಿ ಡಿಸೆಂಬರ್‌ನ ಕುಸಿತ ಎದ್ದು ಕಾಣುತ್ತದೆ. ಹೊಸ ಕೆಂಪು ಮಾಲು ಬಂದದ್ದೂ ಅದೇ ಹೊತ್ತಿಗೆ. ಕುಸಿತದಲ್ಲಿ ಆದೇಶದ ಪಾಲೆಷ್ಟು, ಆವಕದ ಪಾಲೆಷ್ಟು? ಎರಡು ದಿನದಲ್ಲಿ ಪೂರ್ತಿ ಉತ್ತರ ಸಿಗದು. ಆದರೆ ಹಿಂದಿನ ವರ್ಷಗಳ ಡಿಸೆಂಬರ್ ಜೊತೆ ಹೋಲಿಸಬೇಕು ಎಂದು ಹೊಳೆದರೆ ಆ ವಾರಾಂತ್ಯ ಸಾರ್ಥಕ.

ದರದ ಮೂರು ಕಾಲಮ್ಮುಗಳ ಬಗ್ಗೆಯೂ ಒಂದು ಮಾತು. ವರದಿಗಳಲ್ಲಿ ನಾವು ಓದುವುದು ಸಾಮಾನ್ಯವಾಗಿ ಸರಾಸರಿ ದರ ಮಾತ್ರ. 2018ರ ನವೆಂಬರ್‌ನಲ್ಲಿ ನಿಫಾಡ್ ತಾಲೂಕಿನ ರೈತರೊಬ್ಬರು 750 ಕಿಲೋ ಈರುಳ್ಳಿ ತಂದು ನಿಫಾಡ್ ಮಾರುಕಟ್ಟೆಯಲ್ಲಿ ಮಾರಿದರು. ವರ್ತಕರು ಮೊದಲು ಕಿಲೋಗೆ ಒಂದು ರೂಪಾಯಿಗೆ ಕೇಳಿದರಂತೆ, ಚೌಕಾಸಿ ಮಾಡಿದ ಮೇಲೆ ಸುಮಾರು 1 ರೂಪಾಯಿ 40 ಪೈಸೆ. ಕೈಗೆ ಬಂದ 1064 ರೂಪಾಯಿಯನ್ನು ಅವರು ಮನಿಆರ್ಡರ್ ಮಾಡಿ ಪ್ರಧಾನಿಗೆ ಕಳಿಸಿದರು. ದೇಶದ ಪತ್ರಿಕೆಗಳೆಲ್ಲ ಬರೆದವು. ದಿನದ ಸರಾಸರಿ ನೋಡಿದವರಿಗೆ ಇಂಥವರು ಕಾಣುವುದಿಲ್ಲ. ಕನಿಷ್ಠ ದರದ ಕಾಲಮ್ಮಿನಲ್ಲಿ ಕಂಡಾರು. ಕನಿಷ್ಠಕ್ಕೂ ಗರಿಷ್ಠಕ್ಕೂ ನಡುವಿನ ಅಂತರ ಯಾವ ತಿಂಗಳಲ್ಲಿ ಹಿಗ್ಗುತ್ತದೆ ಎಂದು ಹುಡುಕುವ ತಂಡ ನನ್ನ ಎದುರು ಕೂತರೆ ಮೊದಲ ಬಹುಮಾನ ಅದಕ್ಕೇ.

ಹೀಗೆ ವಿದ್ಯಾರ್ಥಿಗಳನ್ನು ಒಟ್ಟಿಗೆ ಕೂರಿಸಿ ಮಾಡಿಸುವ ಕೆಲಸ ನಾಸಿಕ್‌ಗೆ ಹೊಸದಲ್ಲ. 2003ರ ಕುಂಭಮೇಳದ ಕಾಲ್ತುಳಿತದಲ್ಲಿ ಅಲ್ಲಿ 39 ಮಂದಿ ಸತ್ತರು. 2015ರ ಕುಂಭಕ್ಕೆ ಮುಂಚೆ, ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿರುವ ನಾಸಿಕ್ ಮೂಲದ ವಿಜ್ಞಾನಿ ರಮೇಶ್ ರಾಸ್ಕರ್ ಮತ್ತು ಜೊತೆಗಾರರು ‘ಕುಂಭಥಾನ್’ ಶಿಬಿರಗಳನ್ನು ನಡೆಸಿದರು. ವಿದ್ಯಾರ್ಥಿಗಳು, ಎಂಜಿನಿಯರುಗಳು, ಊರಿನ ಆಡಳಿತ ಒಟ್ಟಿಗೆ ಕೂತ ಶಿಬಿರಗಳು. ಅಲ್ಲಿ ರೂಪುಗೊಂಡವುಗಳಲ್ಲಿ ಒಂದು ‘ಆಶಿಯೋಟೊ’: ಒತ್ತಡ ಗ್ರಹಿಸುವ ಚಾಪೆ. ದಾರಿಯಲ್ಲಿ ಹಾಸಿದರೆ ತುಳಿದು ಹೋದ ಹೆಜ್ಜೆಗಳನ್ನು ಎಣಿಸಿ, ಜನ ಎಲ್ಲಿ ಒತ್ತುತ್ತಿದ್ದಾರೆಂದು ಆಗಿಂದಾಗ ತಿಳಿಸುತ್ತದೆ. ಇದರ ಹಿಂದಿದ್ದವರಲ್ಲಿ ನಾಸಿಕ್‌ನ ಶಾಲಾ ಹುಡುಗನೂ ಒಬ್ಬ. ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ 36 ಗಂಟೆಗಳ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಕೂಡ ಉಪಕರಣ ಕಟ್ಟುವ ಸ್ಪರ್ಧೆಯೇ. ಕಟ್ಟುವುದು ಬೇಕು, ಸಂಶಯವಿಲ್ಲ. ನಮ್ಮ ಕಾಲೇಜುಗಳಲ್ಲಿ ಕಡಿಮೆ ಬಿದ್ದಿರುವುದು ಅದಕ್ಕೂ ಮೊದಲಿನ ಹಂತ: ಇರುವ ಅಂಕಿಯನ್ನು ಕೂತು ಓದುವುದು.

ಸಂಖ್ಯಾಶಾಸ್ತ್ರಜ್ಞ ಸಿ.ಆರ್. ರಾವ್ 1920ರಲ್ಲಿ ಹುಟ್ಟಿದ್ದು ನಮ್ಮ ಹೂವಿನಹಡಗಲಿಯಲ್ಲಿ. 2023ರಲ್ಲಿ ಸಂಖ್ಯಾಶಾಸ್ತ್ರದ ಅಂತರರಾಷ್ಟ್ರೀಯ ಪ್ರಶಸ್ತಿ ಅವರಿಗೆ ಸಂದಾಗ ಹೆಮ್ಮೆಪಟ್ಟೆವು. ಹಡಗಲಿಯಿಂದ ಗದಗಕ್ಕೆ, ಹುಬ್ಬಳ್ಳಿಗೆ ಬಹಳ ದೂರವೇನಿಲ್ಲ. ಅಲ್ಲಿಯ ಎಪಿಎಂಸಿಗಳಲ್ಲಿ ಉಳ್ಳಾಗಡ್ಡಿ, ಬ್ಯಾಡಗಿಯಲ್ಲಿ ಮೆಣಸಿನಕಾಯಿ. ಎಲ್ಲದರ ದಿನದ ಆವಕ, ದರ ರಾಜ್ಯದ ‘ಕೃಷಿ ಮಾರಾಟ ವಾಹಿನಿ’ ಜಾಲತಾಣದಲ್ಲಿ ಕನ್ನಡದಲ್ಲೇ ಸಿಗುತ್ತದೆ.

ಹಾಗಾಗಿ ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ವಿಭಾಗದ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಎರಡು ಕೊಠಡಿ, ವಿದ್ಯಾರ್ಥಿಗಳ ಹತ್ತಿರ ಇರುವ ಲ್ಯಾಪ್‌ಟಾಪ್, ಮೂರು ಹೊತ್ತಿನ ಊಟ ಇದ್ದರೆ ಸಾಕು, ಈ ವರ್ಷವೇ ಒಂದು ವಾರಾಂತ್ಯ ನಡೆಸಿ. ಮೊದಲ ರಾತ್ರಿ ಯಾರಿಗೂ ಗ್ರಾಫ್ ಬಿಡಿಸಲು ಕೊಡಬೇಡಿ, ಕಾಲಮ್ಮುಗಳನ್ನು ಓದಿಸಿ. ಸಲಹೆಗಾರರಾಗಿ ಸಾಫ್ಟ್‌ವೇರ್ ಕಂಪನಿಯವರನ್ನು ಕರೆಯುವುದರ ಜೊತೆಗೆ ನಿಮ್ಮೂರಿನ ಎಪಿಎಂಸಿ ಕಾರ್ಯದರ್ಶಿಯನ್ನೂ ಒಬ್ಬ ಹಮಾಲರನ್ನೂ ಕರೆಯಿರಿ. ತೀರ್ಪುಗಾರರ ಸಾಲಿನಲ್ಲಿ ಒಬ್ಬ ಬೆಳೆಗಾರರು ಕೂರಲಿ, ಐದು ನಿಮಿಷದ ಮಾತು ಅವರಿಗೆ ಅರ್ಥವಾಗುವ ಕನ್ನಡದಲ್ಲಿರಲಿ.