ಮಡಚುವ ಗರಗಸ

ಮಡಚುವ ಗರಗಸವು ಅಲಗನ್ನು ಹಿಡಿಯೊಳಗೆ ಮಡಚಿಡಬಹುದಾದ ಕೈಗರಗಸ. ಅಲಗು ಕೀಲೊಂದರ ಮೇಲೆ ತಿರುಗುತ್ತದೆ. ಮಡಚಿದಾಗ ಹಲ್ಲುಗಳ ಸಮೇತ ಹಿಡಿಯ ಸೀಳಿನಲ್ಲಿ ಅಡಗುತ್ತದೆ. ಚಾರಣಿಗರು ಹಾಗೂ ತೋಟಗಾರರು ಇದನ್ನು ಸೌದೆ ಕೊಯ್ಯಲು, ದಾರಿಗೆ ಬಿದ್ದ ಕೊಂಬೆ ತೆಗೆಯಲು, ಗಿಡ ಸವರಲು ಬಳಸುತ್ತಾರೆ. ಇದು ಕೊಡಲಿಗಿಂತ ಹಗುರ, ಬೀಸಲು ಜಾಗವೂ ಬೇಕಿಲ್ಲ. ಆದರೆ ಸೌದೆ ಸೀಳುವ ಕೆಲಸ ಇದರಿಂದಾಗದು.

ಕೊಯ್ಯುವ ಬಗೆ

ಬಹುಪಾಲು ಮಡಚುವ ಗರಗಸಗಳು ಜಪಾನಿನ ಸಾಂಪ್ರದಾಯಿಕ ಗರಗಸವಾದ ನೊಕೊಗಿರಿಯಂತೆ ಎಳೆಯುವಾಗ ಕೊಯ್ಯುತ್ತವೆ. ತಳ್ಳಿ ಕೊಯ್ಯುವ ಗರಗಸದ ಅಲಗು ಒತ್ತಡಕ್ಕೆ ಬಾಗದಿರಲು ದಪ್ಪವಾಗಿರಬೇಕು. ಎಳೆದಾಗಲಾದರೋ ಅಲಗು ಬಿಗಿದ ಹಗ್ಗದಂತೆ ನೇರವಾಗುವುದರಿಂದ ತೆಳು ಉಕ್ಕು ಸಾಕಾಗುತ್ತದೆ; ಹೊಟ್ಟಾಗುವ ಮರವೂ ತಗಲುವ ಶ್ರಮವೂ ಕಡಿಮೆ. ತಳ್ಳುವ ಗರಗಸಕ್ಕೆ ಒಗ್ಗಿದವರು ಹಿಂದಕ್ಕೆ ಮರಳುವಾಗಲೂ ಬಲ ಹಾಕಿದರೆ ಇಂತಹ ಅಲಗು ಬಾಗಬಹುದು, ಮುರಿಯಲೂಬಹುದು.

ಹಲ್ಲುಗಳು

ಹಸಿ ಮರಕ್ಕೆ ದೊಡ್ಡ, ವಿರಳ ಹಲ್ಲುಗಳು ಸೂಕ್ತ. ಒದ್ದೆ ಹೊಟ್ಟು ತುಂಬಿಕೊಳ್ಳಲು ಹಲ್ಲುಗಳ ನಡುವೆ ಆಳವಾದ ತಗ್ಗು ಬೇಕು. ಒಣಗಿದ ಗಟ್ಟಿ ಮರ ಮತ್ತು ಬಿದಿರಿಗೆ ಸಣ್ಣ ಹಲ್ಲು ಒಳ್ಳೆಯದು. ಹಲ್ಲುಗಳನ್ನು ಎಣಿಸುವ ಕ್ರಮ ಎಲ್ಲೆಡೆ ಒಂದೇ ಅಲ್ಲ: ಜಪಾನಿನಲ್ಲಿ 30 ಮಿ.ಮೀ. ಉದ್ದದಲ್ಲಿ, ಪಾಶ್ಚಾತ್ಯ ದೇಶಗಳಲ್ಲಿ ಒಂದು ಅಂಗುಲದಲ್ಲಿ ಎಣಿಸುವ ರೂಢಿಯಿದೆ. ಆದ್ದರಿಂದ ಜಪಾನಿ ಗರಗಸದ 8 ಹಲ್ಲು ಅಂಗುಲಕ್ಕೆ ಸುಮಾರು 7 ಹಲ್ಲಿಗೆ ಸಮ. ಇಂದಿನ ಅನೇಕ ಗರಗಸಗಳ ಹಲ್ಲಿನ ತುದಿಗಳನ್ನು ವಿದ್ಯುತ್ ಶಾಖದಿಂದ ಗಡುಸಾಗಿಸಿರುತ್ತಾರೆ. ಅವು ಬಹುಕಾಲ ಹರಿತವಾಗಿರುತ್ತವೆ, ಆದರೆ ಮೊಂಡಾದ ಮೇಲೆ ಅರದಿಂದ ಮಸೆಯಲು ಬಾರದು, ಅಲಗನ್ನೇ ಬದಲಿಸಬೇಕು. ಬಿಡಿ ಅಲಗು ದೊರೆಯುವುದೇ ಎಂಬುದನ್ನು ಕೊಳ್ಳುವ ಮೊದಲೇ ವಿಚಾರಿಸುವುದು ಲೇಸು.

ಅಲಗಿನ ಉದ್ದ

ಕೊಯ್ಯಬೇಕಾದ ಕೊಂಬೆಯ ದಪ್ಪಕ್ಕೆ ಅಲಗು ಕನಿಷ್ಠ ಎರಡು ಪಟ್ಟು ಉದ್ದವಿರಬೇಕೆಂಬುದು ರೂಢಿಯ ಲೆಕ್ಕ. 170 ಮಿ.ಮೀ. ಅಲಗಿನಿಂದ 100 ಮಿ.ಮೀ. ದಪ್ಪದ ಕೊಂಬೆಯನ್ನು ಕೊಯ್ಯುವಾಗ ಎಳೆತಕ್ಕೆ ಉಳಿಯುವುದು 70 ಮಿ.ಮೀ. ಮಾತ್ರ. ನಡುವಿನ ಹಲ್ಲುಗಳು ಮರದಿಂದ ಹೊರಬರುವುದೇ ಇಲ್ಲ, ಹೊಟ್ಟು ಒಳಗೇ ಸಿಕ್ಕಿ ಗರಗಸ ಜಾರತೊಡಗುತ್ತದೆ. ಅಲಗು ಹಿಡಿಯೊಳಗೆ ಅಡಗಬೇಕಾದ್ದರಿಂದ ಗರಗಸ ಚಿಕ್ಕದಾದಷ್ಟೂ ಎಳೆತ ಮೊಟಕಾಗುತ್ತದೆ. ಜೇಬಿಗೆ ಹಿಡಿಯುವ ಅನುಕೂಲಕ್ಕೆ ತೆರುವ ಬೆಲೆ ಇದು. ಜಪಾನಿನ ಸಿಲ್ಕಿ ಸಂಸ್ಥೆಯ ಪಾಕೆಟ್‌ಬಾಯ್ 130 ಮತ್ತು 170 ಮಿ.ಮೀ. ಅಲಗುಗಳಲ್ಲಿ ದೊರೆಯುತ್ತದೆ. ಸ್ವೀಡನ್ ಮೂಲದ ಬಾಕೊ ಸಂಸ್ಥೆಯ ಲ್ಯಾಪ್‌ಲ್ಯಾಂಡರ್ 190 ಮಿ.ಮೀ. ಉದ್ದದ್ದು. ಮಣಿಕಟ್ಟಿನಷ್ಟು ದಪ್ಪದ ಸೌದೆಗೆ ಈ ಅಳತೆ ಧಾರಾಳ. ಅದೇ ಸಿಲ್ಕಿಯ 360 ಮಿ.ಮೀ.ನ ಬಿಗ್‌ಬಾಯ್ ದಪ್ಪ ದಿಮ್ಮಿಗಳಿಗಾಗಿ ಇರುವಂಥದು.

ಅಗುಳಿ ಮತ್ತು ಸುರಕ್ಷತೆ

ಆಯ್ಕೆಯಲ್ಲಿ ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಾದ ಭಾಗವೆಂದರೆ ಅಲಗನ್ನು ಹಿಡಿದಿಡುವ ಅಗುಳಿ. ಕೊಯ್ಯುವ ನಡುವೆ ಅದು ಜಾರಿದರೆ ಹಲ್ಲುಗಳು ನೇರವಾಗಿ ಬೆರಳುಗಳ ಮೇಲೆ ಮುಚ್ಚಿಕೊಳ್ಳುತ್ತವೆ. ಪೂರ್ಣ ಬಿಚ್ಚಿದಾಗ ಅಲಗು ಪಕ್ಕಕ್ಕೂ ಮೇಲಕ್ಕೂ ಅಲುಗಾಡಕೂಡದು. ಮಡಚಿದ ಸ್ಥಿತಿಯಲ್ಲೂ ಅಗುಳಿ ಬೀಳುವಂತಿದ್ದರೆ ಚೀಲದೊಳಗೆ ಗರಗಸ ತಾನಾಗಿ ಬಿಚ್ಚಿಕೊಳ್ಳುವ ಭಯವಿಲ್ಲ. ಲ್ಯಾಪ್‌ಲ್ಯಾಂಡರಿನಲ್ಲಿ ಈ ಏರ್ಪಾಡಿದೆ. ಕೊಯ್ತ ಆರಂಭಿಸುವಾಗ ಅಲಗು ಪುಟಿದು ಕೊಂಬೆ ಹಿಡಿದ ಕೈಗೆ ತಗಲಬಹುದಾದ್ದರಿಂದ ಕೈಗವಸು ಬೇಕಾಗುವುದು ಮುಖ್ಯವಾಗಿ ಆ ಕೈಗೆ. ಬಳಕೆಯ ನಂತರ ಮರದ ಅಂಟನ್ನು ಒರೆಸಿ, ತೆಳುವಾಗಿ ಎಣ್ಣೆ ಸವರಿದರೆ ತುಕ್ಕು ಹಿಡಿಯದು.

ಕಾನೂನು

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಂಡೀಪುರ, ನಾಗರಹೊಳೆಗಳಂತಹ ರಾಷ್ಟ್ರೀಯ ಉದ್ಯಾನಗಳಲ್ಲೂ ಅಭಯಾರಣ್ಯಗಳಲ್ಲೂ ಅನುಮತಿಯಿಲ್ಲದೆ ಮರ ಕಡಿಯುವುದು ಅಪರಾಧ. ವಿಮಾನ ಪ್ರಯಾಣದಲ್ಲಿ ಗರಗಸವನ್ನು ಕೈಚೀಲದಲ್ಲಿ ಒಯ್ಯುವಂತಿಲ್ಲ.