ಅಗ್ಗದ ಫ್ರೀಕ್ವೆನ್ಸಿ ಕೌಂಟರ್ ತಗೊಳ್ಳೋ ಮುಂಚೆ

ರಜೆಯಲ್ಲಿ ಬೇಲೂರಿನ ಮನೆಯಲ್ಲಿ ಕೂತು ನಾವು 10 ಮೆಗಾಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್ ಕಟ್ಟಿದೆವು. ಅಗ್ಗದ ಕೌಂಟರ್ 200 ಹರ್ಟ್ಸ್ ಜಾಸ್ತಿ ತೋರಿಸಿತು. ಎರಡು ದಿನ ಕೆಪಾಸಿಟರ್ ಬದಲಾಯಿಸಿದ್ದೇ ಬಂತು. ಕೊನೆಗೆ ನೋಡಿದರೆ ತಪ್ಪು ನಮ್ಮ ಸರ್ಕ್ಯೂಟಿನದಲ್ಲ, ಕೌಂಟರಿನದು!

ಕೌಂಟರ್ ಮಾಡೋದು ಇಷ್ಟೇ: ಒಂದು ಸೆಕೆಂಡ್ ಗೇಟ್ ತೆರೆದು ಒಳಗೆ ಬರೋ ಪಲ್ಸ್‌ಗಳನ್ನು ಎಣಿಸುತ್ತದೆ. ಆ ಸೆಕೆಂಡನ್ನು ಅಳೆಯೋದು ಅದರೊಳಗಿನ ಕ್ರಿಸ್ಟಲ್. ಅದು 20 ಪಿಪಿಎಂ ತಪ್ಪಿದರೆ 10 ಮೆಗಾಹರ್ಟ್ಸ್‌ನಲ್ಲಿ 200 ಹರ್ಟ್ಸ್ ವ್ಯತ್ಯಾಸ. ಎಂಟು ಅಂಕಿ ಹೊಳೆದರೂ ಕೊನೆಯ ಮೂರನ್ನು ನಂಬೋ ಹಾಗಿಲ್ಲ.

ಹಾಗಾಗಿ ಎಸ್.ಪಿ. ರೋಡಲ್ಲೋ ಆನ್‌ಲೈನಲ್ಲೋ ತಗೊಳ್ಳುವಾಗ ಅಂಕಿ ಎಣಿಸಬೇಡಿ, ಈ ಎರಡನ್ನು ನೋಡಿ.

ಒಂದು, ಕ್ರಿಸ್ಟಲ್ ಪಕ್ಕ ಟ್ರಿಮ್ಮರ್ ಇರಬೇಕು, ಇಲ್ಲವೇ ಹೊರಗಿನ ರೆಫರೆನ್ಸ್ ಕೊಡಲು ಜಾಗ ಇರಬೇಕು.

ಎರಡು, ಪೀರಿಯಡ್ ಅಳೆಯೋ ಸೌಲಭ್ಯ. 50 ಹರ್ಟ್ಸ್ ಸಿಗ್ನಲ್ಲನ್ನು ಒಂದು ಸೆಕೆಂಡ್ ಎಣಿಸುವಾಗ ಒಂದೇ ಎಣಿಕೆ ಹೆಚ್ಚುಕಮ್ಮಿ ಆದರೂ 2% ತಪ್ಪು.

ಸರಿಪಡಿಸೋದು ಹೇಗೆ? ಜಿಪಿಎಸ್ ಉಪಗ್ರಹಗಳಲ್ಲಿ ಪರಮಾಣು ಗಡಿಯಾರ ಇರುತ್ತದೆ. ಹಾಸನದ ಇಸ್ರೋ ಕೇಂದ್ರ ನೋಡಿಕೊಳ್ಳುವ ನಾವಿಕ್ ಉಪಗ್ರಹಗಳಲ್ಲೂ ಅಷ್ಟೇ. ನಿಯೋ-ಎಂ8 ಜಿಪಿಎಸ್ ಮಾಡ್ಯೂಲಿನ ಆಂಟೆನಾವನ್ನು ತಾರಸಿ ಮೇಲಿಟ್ಟು, ಟೈಂಪಲ್ಸನ್ನು 8 ಮೆಗಾಹರ್ಟ್ಸ್‌ಗೆ ಸೆಟ್ ಮಾಡಿ ಕೌಂಟರಿಗೆ ಕೊಡಿ. ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, 80,00,000 ಬರೋವರೆಗೆ ಟ್ರಿಮ್ಮರ್ ತಿರುಗಿಸಿ.

ಆಮೇಲೆ ನಿಮ್ಮ ಸರ್ಕ್ಯೂಟನ್ನು ಬೈಯಿರಿ!